ಕೊರಿಯಾ, ಜಪಾನ್, ಚೀನಾದ ಪ್ರೇಮಕಥೆಗಳು: ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು

ಕೊರಿಯನ್ ಡ್ರಾಮಾ ನೋಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಯಾರನ್ನಾದರೂ ಕೇಳಿ, ಒಂದು ಉದ್ದದ ಪಟ್ಟಿ ಕೈಗೆ ಬರುತ್ತದೆ. ಎಲ್ಲದರ ಮುಂದೆಯೂ 'ಸೂಪರ್, ಮಿಸ್ ಮಾಡ್ಕೋಬೇಡಿ'. ಅದರಲ್ಲಿ ಮೊದಲನೆಯದನ್ನೇ ಹಾಕಿಕೊಂಡು, ಎರಡು ಎಪಿಸೋಡ್ ಆಗುವಷ್ಟರಲ್ಲಿ 'ಏನಿದು, ಇಷ್ಟು ನಿಧಾನ' ಅಂತ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ನಿಧಾನ ಅನ್ನುವುದು ನಿಜ. ಆದರೆ ಈ ಕಥೆಗಳ ಸೊಗಸು ಇರುವುದೇ ಆ ನಿಧಾನದಲ್ಲಿ. ಪ್ರೀತಿ ಹೇಳುವುದಕ್ಕಿಂತ ಹೇಳದೆ ಇರುವುದನ್ನು ಇವರು ತೋರಿಸುತ್ತಾರೆ. ಅದನ್ನು ನೋಡಲು ಕಣ್ಣು ಸ್ವಲ್ಪ ಪಳಗಬೇಕು, ಅಷ್ಟೇ. ಅದಕ್ಕೆ ಪಟ್ಟಿಗಿಂತ ಒಂದು ಕ್ರಮ ಬೇಕು. ನನಗೆ ಸರಿ ಅನಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

1. ಸೀರೀಸ್ ಆಮೇಲೆ, ಮೊದಲು ಒಂದು ಸಿನಿಮಾ

ಹದಿನಾರು ಗಂಟೆಯ ಕಥೆಗೆ ನೇರವಾಗಿ ಇಳಿಯಬೇಡಿ. ಒಂದೂವರೆ ಗಂಟೆಯಲ್ಲಿ ಮುಗಿಯುವ ಒಂದು ಸಿನಿಮಾ ನೋಡಿ, ಈ ಲಯ ನಿಮಗೆ ಒಗ್ಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನಾನು ಎಲ್ಲರಿಗೂ ಹೇಳುವುದು 1998ರ ಕೊರಿಯನ್ ಸಿನಿಮಾ 'ಕ್ರಿಸ್‌ಮಸ್ ಇನ್ ಆಗಸ್ಟ್'. ಹರ್ ಜಿನ್ ಹೊ ಅವರ ಮೊದಲ ಚಿತ್ರ, ಹಾನ್ ಸುಕ್ ಕ್ಯೂ ಮತ್ತು ಶಿಮ್ ಉನ್ ಹಾ ನಟಿಸಿದ್ದಾರೆ. ಚಿತ್ರೀಕರಣ ನಡೆದದ್ದು ಗುನ್ಸಾನ್ ಎಂಬ ಬಂದರು ಊರಿನಲ್ಲಿ.

ಕಥೆ ಇಷ್ಟೇ. ಸಣ್ಣ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ತಾನು ಹೆಚ್ಚು ದಿನ ಬದುಕುವುದಿಲ್ಲ ಅಂತ ಗೊತ್ತು. ತಪ್ಪು ಜಾಗದಲ್ಲಿ ನಿಲ್ಲಿಸಿದ ಗಾಡಿಗಳಿಗೆ ದಂಡ ಹಾಕುವ ಕೆಲಸದ ಹುಡುಗಿ, ಆ ಗಾಡಿಗಳ ಫೋಟೋ ತೊಳೆಸಲು ಅವನ ಅಂಗಡಿಗೆ ಬರುತ್ತಾಳೆ. ಬರುತ್ತಾಳೆ, ಹೋಗುತ್ತಾಳೆ, ಐಸ್‌ಕ್ರೀಮ್ ತಿನ್ನುತ್ತಾರೆ. 'ನಿನ್ನನ್ನು ಪ್ರೀತಿಸುತ್ತೇನೆ' ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಲ್ಲ.

ಇದರಲ್ಲಿ ಒಂದು ದೃಶ್ಯವನ್ನು ಗಮನವಿಟ್ಟು ನೋಡಿ. ಮಗ ವಯಸ್ಸಾದ ಅಪ್ಪನಿಗೆ ವಿಸಿಆರ್ ಹಾಕುವುದನ್ನು ಹೇಳಿಕೊಡುತ್ತಾನೆ. ಅಪ್ಪನಿಗೆ ತಲೆಗೆ ಹೋಗುವುದಿಲ್ಲ, ಮತ್ತೆ ಮತ್ತೆ ತಪ್ಪು ಗುಂಡಿ ಒತ್ತುತ್ತಾರೆ. ಮಗನಿಗೆ ರೇಗಿ ಎದ್ದು ಹೋಗುತ್ತಾನೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು, ಯಾವ ಗುಂಡಿ ಮೊದಲು, ಯಾವುದು ಆಮೇಲೆ ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಾ ಕೂರುತ್ತಾನೆ. ತಾನು ಹೋದ ಮೇಲೆ ಹೇಳಿಕೊಡಲು ಯಾರೂ ಇರುವುದಿಲ್ಲ ಅನ್ನುವ ಮಾತನ್ನು ಯಾರೂ ಆಡುವುದಿಲ್ಲ. ಹಿನ್ನೆಲೆ ಸಂಗೀತ ಎದೆ ಬಡಿದುಕೊಳ್ಳುವುದೂ ಇಲ್ಲ. ಈ ದೃಶ್ಯ ನಿಮ್ಮ ಗಂಟಲು ಕಟ್ಟಿಸಿದರೆ ಮುಂದಿನದೆಲ್ಲ ನಿಮಗೇ. 'ಇದರಲ್ಲಿ ಏನಿದೆ' ಅನಿಸಿದರೆ ಬೇಜಾರಿಲ್ಲ, ಮೂರನೇ ಹೆಜ್ಜೆಗೆ ಹೋಗಿ, ಅಲ್ಲಿ ನಗು ಜಾಸ್ತಿ ಇರುವ ಕಥೆಗಳಿವೆ.

ಅಳು ಬೇಡ, ಮೊದಲ ಸಲವೇ ಖುಷಿಯಾಗಿರಲಿ ಅನ್ನುವವರು 2001ರ 'ಮೈ ಸ್ಯಾಸಿ ಗರ್ಲ್' ನೋಡಬಹುದು. ಇಂಟರ್ನೆಟ್‌ನಲ್ಲಿ ಒಬ್ಬ ಹುಡುಗ ಬರೆದುಕೊಂಡ ಕಥೆಗಳಿಂದ ಹುಟ್ಟಿದ ಸಿನಿಮಾ ಅದು. ಏಷ್ಯಾದ ಎಷ್ಟೋ ದೇಶಗಳಲ್ಲಿ ಜನ ಕೊರಿಯನ್ ಪ್ರೇಮಕಥೆಯ ಕಡೆ ತಿರುಗಿ ನೋಡಿದ್ದರಲ್ಲಿ ಅದರ ಪಾಲು ದೊಡ್ಡದು.

2. ನಿಮ್ಮ ಹತ್ತಿರ ಎಷ್ಟು ಸಮಯ ಇದೆ ನೋಡಿಕೊಳ್ಳಿ

ಒಂದೊಂದು ದೇಶದ್ದೂ ಒಂದೊಂದು ಅಳತೆ. ಇದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಕೊರಿಯಾದ್ದು ಸಾಮಾನ್ಯವಾಗಿ 16 ಎಪಿಸೋಡ್, ಒಂದೊಂದೂ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಟಿವಿಯಲ್ಲಿ ವಾರಕ್ಕೆ ಎರಡರಂತೆ ಬರುತ್ತದೆ, ಅಂದರೆ ಎರಡು ತಿಂಗಳಿಗೆ ಕಥೆ ಮುಗಿಯಿತು. ನಮ್ಮ ಸೀರಿಯಲ್‌ಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ಈಚೆಗೆ 12 ಎಪಿಸೋಡಿನವೂ ಬರುತ್ತಿವೆ. ಕೆಲವು ಕಡೆ '40 ಎಪಿಸೋಡ್' ಅಂತ ಕಂಡರೆ ಗಾಬರಿಯಾಗಬೇಡಿ. 2021ರವರೆಗೆ ಅಲ್ಲಿನ ದೊಡ್ಡ ಚಾನೆಲ್‌ಗಳಿಗೆ ಕಾರ್ಯಕ್ರಮದ ಮಧ್ಯೆ ಜಾಹೀರಾತು ಹಾಕುವ ಅವಕಾಶ ಇರಲಿಲ್ಲ. ಹಾಗಾಗಿ ಕೆಲವು ವರ್ಷ ಒಂದು ಎಪಿಸೋಡನ್ನೇ ಎರಡು ಮಾಡಿ, ನಡುವೆ ಜಾಹೀರಾತು ಹಾಕುತ್ತಿದ್ದರು. 2019ರ 'ವೆನ್ ದ ಕಮೇಲಿಯಾ ಬ್ಲೂಮ್ಸ್' ಒಂದು ಕಡೆ 40, ಇನ್ನೊಂದು ಕಡೆ 20 ಅಂತ ಇರುವುದು ಅದಕ್ಕೇ.

ಜಪಾನಿನದು 10 ಅಥವಾ 11, ವಾರಕ್ಕೆ ಒಂದು, ಮುಕ್ಕಾಲು ಗಂಟೆ. ಕೆಲಸಕ್ಕೆ ಹೋಗುವವರಿಗೆ ಇದರಷ್ಟು ಅನುಕೂಲದ್ದು ಇಲ್ಲ. ತೈವಾನಿನದು ಒಂದೇ ಅಳತೆ ಅಲ್ಲ, 13ರ ಸುಮಾರಿಗೆ ಮುಗಿಯುವ ಒಳ್ಳೆಯವು ಇವೆ. ಚೀನಾದ್ದು ಮಾತ್ರ ಉದ್ದ. 2017ರ 'ಎಟರ್ನಲ್ ಲವ್' 58 ಎಪಿಸೋಡ್. 2020ರಲ್ಲಿ ಅಲ್ಲಿನ ಸರ್ಕಾರಿ ಇಲಾಖೆ 40 ದಾಟಬೇಡಿ, 30ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ಹೇಳಿತು, ಆಮೇಲೆ ಸ್ವಲ್ಪ ಗಿಡ್ಡವಾಗಿವೆ. ಮೊದಲ ಸೀರೀಸ್ ಆಗಿ ಚೀನಾದ್ದನ್ನು ಹಿಡಿಯಬೇಡಿ.

3. ಮೊದಲ ಸೀರೀಸ್

ಎರಡು ಹೆಸರು ಹೇಳುತ್ತೇನೆ, ನಿಮ್ಮ ಸ್ವಭಾವ ನೋಡಿಕೊಂಡು ಒಂದನ್ನು ಹಿಡಿಯಿರಿ.

ಕಥೆಯಲ್ಲಿ ಓಟ ಬೇಕು, ಅಪಾಯ ಬೇಕು, ಜೊತೆಗೆ ನಗುವೂ ಬೇಕು ಅನ್ನುವವರಿಗೆ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ'. 2019ರ ಡಿಸೆಂಬರ್‌ನಲ್ಲಿ ಶುರುವಾಗಿ 2020ರ ಫೆಬ್ರವರಿಯಲ್ಲಿ ಮುಗಿದದ್ದು. ದಕ್ಷಿಣ ಕೊರಿಯಾದ ಸಾಹುಕಾರ ಮನೆತನದ ಹೆಣ್ಣುಮಗಳೊಬ್ಬಳು ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾದೊಳಗೆ ಬೀಳುತ್ತಾಳೆ, ಅಲ್ಲಿನ ಸೇನೆಯ ಕ್ಯಾಪ್ಟನ್ ಅವಳನ್ನು ಬಚ್ಚಿಡುತ್ತಾನೆ. ಕೇಳಿದರೆ ಆಗದ ಹೋಗದ ಕಥೆ ಅನಿಸುತ್ತದೆ. ಆದರೆ ಆ ಹಳ್ಳಿಯ ಹೆಂಗಸರು, ಕರೆಂಟ್ ಹೋಗುವುದು, ಚಳಿಗಾಲಕ್ಕೆ ಕಿಮ್ಚಿ ಹಾಕುವುದು, ಕದ್ದು ಮಾರುವ ದಕ್ಷಿಣದ ಸಾಮಾನು, ಇದನ್ನೆಲ್ಲ ಉತ್ತರದಿಂದ ಬಂದವರ ಸಹಾಯ ತೆಗೆದುಕೊಂಡು ಎಷ್ಟು ಜೀವಂತವಾಗಿ ಕಟ್ಟಿದ್ದಾರೆ ಅಂದರೆ, ಒಂದು ಹಂತದಲ್ಲಿ ನಾಯಕ ನಾಯಕಿಗಿಂತ ಆ ಹೆಂಗಸರ ಮೇಲೇ ಪ್ರೀತಿ ಬಂದುಬಿಡುತ್ತದೆ. ನಾಯಕ ನಾಯಕಿ ಹ್ಯೂನ್ ಬಿನ್ ಮತ್ತು ಸನ್ ಯೇ ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು.

ಅಷ್ಟೊಂದು ಗದ್ದಲ ಬೇಡ ಅನ್ನುವವರಿಗೆ 'ಅವರ್ ಬಿಲವ್ಡ್ ಸಮ್ಮರ್', 2021ರ ಕೊನೆಯಲ್ಲಿ ಬಂದದ್ದು. ಹೈಸ್ಕೂಲಿನಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗಿ ಮತ್ತು ಕೊನೆಗೆ ಬರುವ ಹುಡುಗನ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಿರುತ್ತಾರೆ. ಇಬ್ಬರೂ ಪ್ರೀತಿಸಿ, ಬೇರೆಯಾಗಿ ಎಷ್ಟೋ ವರ್ಷ ಆದ ಮೇಲೆ ಆ ವಿಡಿಯೋ ಇದ್ದಕ್ಕಿದ್ದ ಹಾಗೆ ಇಂಟರ್ನೆಟ್‌ನಲ್ಲಿ ಓಡಾಡಲು ಶುರುವಾಗುತ್ತದೆ, ಮತ್ತೆ ಕ್ಯಾಮೆರಾ ಮುಂದೆ ಜೊತೆಗೆ ಕೂರಬೇಕಾಗುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಬಡತನ ಒಬ್ಬ ಹುಡುಗಿಯ ಬಾಯಿ ಹೇಗೆ ಕಟ್ಟುತ್ತದೆ ಅನ್ನುವುದನ್ನು ಇದು ತೋರಿಸಿದ ರೀತಿ ನನಗೆ ತುಂಬ ಇಷ್ಟ.

4. ನೋಡುವ ಮೊದಲು ಎರಡು ಸೆಟ್ಟಿಂಗ್

ದಯವಿಟ್ಟು ಮೂಲ ದನಿಯಲ್ಲೇ ನೋಡಿ. ಕೆಲವಕ್ಕೆ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಸಿಗುತ್ತದೆ, ಮನೆಯಲ್ಲಿ ಓದಲು ಕಷ್ಟ ಪಡುವ ಹಿರಿಯರಿದ್ದರೆ ಅದು ಬೇಕೇ ಬೇಕು. ನಿಮ್ಮೊಬ್ಬರಿಗೇ ಆದರೆ ಮೂಲವೇ ಒಳ್ಳೆಯದು. ಈ ಕಥೆಗಳಲ್ಲಿ ಅರ್ಧ ಭಾವ ದನಿ ಏರಿಳಿಯುವುದರಲ್ಲಿ ಇದೆ. ಸಬ್‌ಟೈಟಲ್ ಆರಿಸುವಾಗ ಬರೀ 'ಇಂಗ್ಲಿಷ್' ಅಂತ ಇರುವುದನ್ನು ಒತ್ತಿ. 'ಇಂಗ್ಲಿಷ್ ಸಿಸಿ' ಎಷ್ಟೋ ಸಲ ಇಂಗ್ಲಿಷ್ ಡಬ್ಬಿಂಗ್‌ನ ಮಾತನ್ನು ಬರೆದದ್ದಾಗಿರುತ್ತದೆ, ಪರದೆ ಮೇಲೆ ಆಡುತ್ತಿರುವ ಮಾತಿಗೂ ಅದಕ್ಕೂ ತಾಳೆ ಆಗುವುದಿಲ್ಲ.

ಇನ್ನೊಂದು, ಸ್ಪೀಡ್ ಹೆಚ್ಚಿಸಬೇಡಿ. 1.5ರಲ್ಲಿ ಓಡಿಸಿದರೆ ಮೌನಗಳೆಲ್ಲ ಹೋಗುತ್ತವೆ, ಉಳಿಯುವುದು ಬರೀ ಕಥೆ. ಬರೀ ಕಥೆ ಬೇಕಾದರೆ ಯಾರಾದರೂ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ ಅಲ್ವಾ?

ಎಲ್ಲಿ ಸಿಗುತ್ತದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ಜಸ್ಟ್‌ವಾಚ್ ಅನ್ನುವ ವೆಬ್‌ಸೈಟ್‌ನಲ್ಲಿ ದೇಶ ಭಾರತ ಅಂತ ಇಟ್ಟು ಹೆಸರು ಹಾಕಿ ಹುಡುಕಿ. ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಕೊರಿಯನ್ ಜಾಸ್ತಿ. ಹಳೆಯವು, ತೈವಾನಿನವು ವಿಕಿ ಅನ್ನುವ ಆ್ಯಪ್‌ನಲ್ಲಿ ಸಿಗುತ್ತವೆ. ಅಲ್ಲಿ ಸಬ್‌ಟೈಟಲ್ ಹಾಕುವವರಲ್ಲಿ ಹೆಚ್ಚಿನವರು ಪ್ರೀತಿಯಿಂದ ಮಾಡುವ ಸ್ವಯಂಸೇವಕರು. ಚೀನಾದ ವೀಟಿವಿ ಆ್ಯಪ್ 2020ರಲ್ಲಿ ನಮ್ಮಲ್ಲಿ ನಿಷೇಧವಾಯಿತು. ಆದರೆ ಎಷ್ಟೋ ಚೀನೀ ಸೀರೀಸ್‌ಗಳನ್ನು ಅವುಗಳ ಕಂಪನಿಗಳೇ ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಪೂರ್ತಿಯಾಗಿ ಹಾಕಿವೆ. ಟೆಲಿಗ್ರಾಂನಲ್ಲಿ ಕದ್ದದ್ದನ್ನು ಹುಡುಕುವ ಗೋಜೇ ಬೇಡ.

5. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು

ರಾತ್ರಿಯೆಲ್ಲ ಕೂತು ಒಂದೇ ವಾರಾಂತ್ಯಕ್ಕೆ ಮುಗಿಸಬೇಡಿ. ಇವನ್ನು ಬರೆದದ್ದು ವಾರಕ್ಕೆ ಎರಡು ಎಪಿಸೋಡ್ ನೋಡುವವರಿಗಾಗಿ. ಪ್ರತಿ ಎರಡನೆಯದರ ಕೊನೆಗೆ ಒಂದು ಗಂಟು ಹಾಕಿರುತ್ತಾರೆ, ಐದು ದಿನ ಅದನ್ನೇ ಯೋಚಿಸುತ್ತಾ ಇರಲಿ ಅಂತ. ಹಿಂದೆಯೇ ಮುಂದಿನದನ್ನು ಹಾಕಿಕೊಂಡರೆ ಆ ಕಾಯುವಿಕೆ ಹೋಗುತ್ತದೆ, ಹಳೆಯ ದೃಶ್ಯಗಳನ್ನೇ ಮತ್ತೆ ಮತ್ತೆ ತೋರಿಸುವ ಫ್ಲ್ಯಾಶ್‌ಬ್ಯಾಕ್‌ಗಳೂ ಬೇಸರ ತರಿಸುತ್ತವೆ. ವಾರದ ಮೇಲೆ ನೋಡಿದವರಿಗೆ ಅವು ನೆನಪಿಸಲು ಇದ್ದವು.

ಬಿಡುವುದಾದರೆ ನಾಲ್ಕನೇ ಎಪಿಸೋಡ್ ಆದ ಮೇಲೆ ಬಿಡಿ. ಮೊದಲ ಎರಡರಲ್ಲಿ ಪಾತ್ರಗಳು ಸ್ವಲ್ಪ ಅತಿಯಾಗಿ ಆಡುತ್ತವೆ, ಬಿದ್ದು ಏಳುತ್ತವೆ, ಕಿರುಚುತ್ತವೆ. ನೋಡುಗರನ್ನು ಹಿಡಿದಿಡಲು ಮಾಡುವ ಅಬ್ಬರ ಅದು. ಮೂರು, ನಾಲ್ಕರ ಹೊತ್ತಿಗೆ ಕಥೆ ತನ್ನ ನಡಿಗೆಗೆ ಬರುತ್ತದೆ.

11ರಿಂದ 14ರವರೆಗೆ ಜಗ್ಗಿದ ಹಾಗೆ ಅನಿಸಿದರೆ ಅದಕ್ಕೂ ಕಾರಣ ಇದೆ. ಹಿಂದೆಲ್ಲ ಕೊರಿಯಾದಲ್ಲಿ ಅರ್ಧ ಪ್ರಸಾರ ಆಗುತ್ತಿರುವಾಗ ಉಳಿದರ್ಧದ ಶೂಟಿಂಗ್ ನಡೆಯುತ್ತಿತ್ತು. ಸೆಟ್ಟಿಗೆ ಸ್ಕ್ರಿಪ್ಟಿನ ಹಾಳೆಗಳು ಅವತ್ತೇ ಬಂದು ಬೀಳುತ್ತಿದ್ದದ್ದೂ ಉಂಟು. ಆಗ ಕಥೆ ತೂಕ ತಪ್ಪುವುದು ಸಹಜ. 2016ರ 'ಡಿಸೆಂಡೆಂಟ್ಸ್ ಆಫ್ ದ ಸನ್' ಪ್ರಸಾರಕ್ಕೆ ಮೊದಲೇ ಪೂರ್ತಿ ಶೂಟಿಂಗ್ ಮುಗಿಸಿ ಗೆದ್ದ ಮೇಲೆ ಈ ಪದ್ಧತಿ ನಿಧಾನವಾಗಿ ಬದಲಾಯಿತು. ಹಾಗಾಗಿ ಹಳೆಯ ಸೀರೀಸ್ ನಡುವೆ ಮಂಕಾದರೆ ಸ್ವಲ್ಪ ತಾಳ್ಮೆ ಇರಲಿ.

6. ಇವು ಗೊತ್ತಿದ್ದರೆ ಅರ್ಥ ಜಾಸ್ತಿ

ಸಬ್‌ಟೈಟಲ್‌ನಲ್ಲಿ ಬಾರದ ಕೆಲವು ಸಂಗತಿಗಳಿವೆ. ಕೊರಿಯನ್‌ನಲ್ಲಿ ಮರ್ಯಾದೆಯ ಮಾತು, ಸಲುಗೆಯ ಮಾತು ಬೇರೆ ಬೇರೆ. ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ಇಂಗ್ಲಿಷ್‌ನವರಿಗೆ ಇದನ್ನು ವಿವರಿಸಬೇಕು, 'ಬನ್ನಿ'ಗೂ 'ಬಾ'ಗೂ ವ್ಯತ್ಯಾಸ ಗೊತ್ತಿರುವ ನಮಗೆ ಬೇಡ. ವಾಕ್ಯದ ಕೊನೆಯಲ್ಲಿ 'ಯೋ' ಕೇಳಿಸುತ್ತಿದ್ದದ್ದು ಒಂದು ದಿನ ನಿಂತುಹೋದರೆ, ಇಬ್ಬರೂ ಹತ್ತಿರ ಬಂದರು ಅಂತ ಲೆಕ್ಕ. ಎಷ್ಟೋ ಕಥೆಗಳಲ್ಲಿ ಮುತ್ತಿಗಿಂತ ಇದೇ ದೊಡ್ಡ ಘಟ್ಟ.

ರಾತ್ರಿ ಮನೆವರೆಗೆ ಬಿಟ್ಟುಹೋಗಲು ಬಂದವನಿಗೆ ಹುಡುಗಿ 'ರಾಮ್ಯನ್ ತಿಂದು ಹೋಗ್ತೀಯಾ' ಅಂದರೆ ಅದು ಬರೀ ನೂಡಲ್ಸ್ ವಿಚಾರ ಅಲ್ಲ. ಹರ್ ಜಿನ್ ಹೊ ಅವರದೇ 2001ರ 'ಒನ್ ಫೈನ್ ಸ್ಪ್ರಿಂಗ್ ಡೇ' ಸಿನಿಮಾದಿಂದ ಆ ಮಾತು ಜನರ ಬಾಯಿಗೆ ಬಂತು, ಈಗ ಅದಕ್ಕೆ ರಾತ್ರಿ ಇಲ್ಲೇ ಉಳಿ ಅನ್ನುವ ಅರ್ಥ. ಹಾಗಾಗಿ ಆ ಮಾತು ಬಂದ ಕೂಡಲೇ ಹುಡುಗ ತಬ್ಬಿಬ್ಬಾಗುತ್ತಾನೆ. ವರ್ಷದ ಮೊದಲ ಹಿಮ ಬೀಳುವ ದಿನ ಇಷ್ಟಪಟ್ಟವರ ಜೊತೆ ಇದ್ದರೆ ಪ್ರೀತಿ ಉಳಿಯುತ್ತದೆ ಅನ್ನುವ ನಂಬಿಕೆ ಇದೆ, ಹಾಗಾಗಿ ಹಿಮ ಬಿತ್ತು ಅಂದರೆ ಯಾರಾದರೂ ಯಾರ ಹತ್ತಿರವಾದರೂ ಓಡುತ್ತಾರೆ. ಹುಡುಗರಿಗೆ ಸೇನೆಯ ಸೇವೆ ಕಡ್ಡಾಯ, ಒಂದೂವರೆ ವರ್ಷದ ಆಸುಪಾಸು ಹೋಗಲೇಬೇಕು. ಕಥೆಯಲ್ಲಿ ಇಬ್ಬರನ್ನು ದೂರ ಮಾಡಲು ಇದಕ್ಕಿಂತ ಸಹಜ ಕಾರಣ ಬೇಕಿಲ್ಲ.

ಜಪಾನಿನಲ್ಲಿ ಫೆಬ್ರವರಿ 14ಕ್ಕೆ ಚಾಕೊಲೇಟ್ ಕೊಡುವುದು ಹುಡುಗಿಯರು. ಹುಡುಗರು ಮಾರ್ಚ್ 14ಕ್ಕೆ ತಿರುಗಿ ಕೊಡಬೇಕು. ಆ ಒಂದು ತಿಂಗಳ ಕಾಯುವಿಕೆಯ ಮೇಲೇ ಇಡೀ ಎಪಿಸೋಡ್ ನಡೆಯುವುದುಂಟು.

7. ನಟರ ಹಿಂದೆ ಹೋಗಬೇಡಿ, ಬರೆದವರ ಹಿಂದೆ ಹೋಗಿ

ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಮೊದಲ ಸೀರೀಸ್ ಮುಗಿದ ಮೇಲೆ ಎಲ್ಲರೂ ಆ ನಾಯಕನ ಉಳಿದದ್ದೆಲ್ಲ ಹುಡುಕುತ್ತಾರೆ, ನಾಲ್ಕನೆಯದಕ್ಕೆ ನಿರಾಸೆಯಾಗುತ್ತದೆ. ಕೊರಿಯನ್ ಟಿವಿಯಲ್ಲಿ ಕಥೆಯ ಯಜಮಾನಿಕೆ ಬರಹಗಾರರದು, ಅದರಲ್ಲೂ ಹೆಚ್ಚಿನವರು ಹೆಂಗಸರು. 16 ಎಪಿಸೋಡನ್ನೂ ಒಬ್ಬರೇ ಬರೆಯುವುದು ಸಾಮಾನ್ಯ. ಹಾಗಾಗಿ ಒಬ್ಬರ ದನಿ ಇಷ್ಟವಾದರೆ ಅವರ ಮುಂದಿನದೂ ಇಷ್ಟವಾಗುವ ಸಾಧ್ಯತೆ ಹೆಚ್ಚು.

'ಕ್ರ್ಯಾಶ್ ಲ್ಯಾಂಡಿಂಗ್' ಬರೆದವರು ಪಾಕ್ ಜಿ ಉನ್. ಅದು ಹಿಡಿಸಿದರೆ ಅವರದೇ 2013ರ 'ಮೈ ಲವ್ ಫ್ರಮ್ ದ ಸ್ಟಾರ್', 2024ರ 'ಕ್ವೀನ್ ಆಫ್ ಟಿಯರ್ಸ್' ನೋಡಿ. ಅಹಂಕಾರಿ ಶ್ರೀಮಂತ ಹೆಣ್ಣು, ಮಾತು ಕಡಿಮೆ ಆಡುವ ಗಂಡು, ಅವರದು ಇದೇ ಜೋಡಿ. ದೆವ್ವ, ದೇವತೆ, ಮಾಯಾಜಾಲ ಸೇರಿದ ಪ್ರೀತಿ ಬೇಕಾದರೆ ಹಾಂಗ್ ಸಹೋದರಿಯರು, 2019ರ 'ಹೋಟೆಲ್ ಡೆಲ್ ಲೂನಾ' ಅವರದು. ಮಾತಿನ ಚಮತ್ಕಾರ, ಮೈ ಜುಮ್ಮೆನ್ನುವ ದೃಶ್ಯ ಬೇಕಾದರೆ ಕಿಮ್ ಉನ್ ಸುಕ್, 'ಗಾಬ್ಲಿನ್' ಮತ್ತು 'ಮಿಸ್ಟರ್ ಸನ್‌ಶೈನ್'.

ನನಗೆ ಎಲ್ಲರಿಗಿಂತ ಹತ್ತಿರದವರು ಇಬ್ಬರು. ಒಬ್ಬರು ಪಾಕ್ ಹೇ ಯಂಗ್. ಅವರ 2022ರ 'ಮೈ ಲಿಬರೇಶನ್ ನೋಟ್ಸ್'ನಲ್ಲಿ ಅಣ್ಣ, ಅಕ್ಕ, ತಂಗಿ ಮೂವರೂ ಊರಾಚೆಯ ಹಳ್ಳಿಯಿಂದ ದಿನಾ ರಾಜಧಾನಿ ಸೋಲ್‌ಗೆ ಓಡಾಡುತ್ತಾರೆ. ಮನೆಗೆ ಬರುವಷ್ಟರಲ್ಲಿ ಕತ್ತಲೆ, ಪ್ರೀತಿಸಲು ಪುರುಸೊತ್ತೇ ಇಲ್ಲ. ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಲಸಕ್ಕೆ ಹೋಗಿಬರುವವರು ಇದನ್ನು ನೋಡಲೇಬೇಕು. ಇನ್ನೊಬ್ಬರು ಲಿಮ್ ಸಾಂಗ್ ಚುನ್, 'ವೆನ್ ದ ಕಮೇಲಿಯಾ ಬ್ಲೂಮ್ಸ್' ಬರೆದವರು. ಒಬ್ಬಳೇ ಮಗುವನ್ನು ಸಾಕುವ ಹೆಂಗಸನ್ನು ಊರಿನ ಪೊಲೀಸ್ ಮನಸಾರೆ ಪ್ರೀತಿಸುವ ಕಥೆ. ಅವರದೇ 2025ರ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್' ಜೆಜು ದ್ವೀಪದ್ದು. ಅಲ್ಲಿ ಪ್ರೀತಿ ಮದುವೆಗೆ ಮುಗಿಯುವುದಿಲ್ಲ, ಮಕ್ಕಳು, ಸಾಲ, ಸಾವು, ಮುಪ್ಪು ಎಲ್ಲ ದಾಟಿ ಹೋಗುತ್ತದೆ. ಇದನ್ನು ಅಮ್ಮನ ಜೊತೆ ಕೂತು ನೋಡಿ.

8. ಹಳೆಯದಕ್ಕೆ ಹೋಗುವಾಗ

'ಬಾಯ್ಸ್ ಓವರ್ ಫ್ಲವರ್ಸ್' ನೋಡಲೇಬೇಕು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಮೂಲ ಜಪಾನಿನ ಕಾಮಿಕ್ಸ್. 2001ರಲ್ಲಿ ತೈವಾನ್ 'ಮೀಟಿಯರ್ ಗಾರ್ಡನ್' ಮಾಡಿತು, 2005ರಲ್ಲಿ ಜಪಾನ್, 2009ರಲ್ಲಿ ಕೊರಿಯಾ, 2018ರಲ್ಲಿ ಚೀನಾ. ಒಂದೇ ಕಥೆಯನ್ನು ನಾಲ್ಕು ಕಡೆಯವರು ಹೇಗೆ ಹೇಳಿದರು ಅಂತ ತಿಳಿಯಲು ಒಂದೊಂದರ ಮೊದಲ ಎಪಿಸೋಡ್ ನೋಡುವುದು ಚೆನ್ನಾಗಿರುತ್ತದೆ. ಆದರೆ ಶ್ರೀಮಂತ ಹುಡುಗ ಬಡ ಹುಡುಗಿಯನ್ನು ಇಡೀ ಶಾಲೆಯಿಂದ ಹಿಂಸೆ ಕೊಡಿಸುವುದು, ಕೈ ಹಿಡಿದು ದರದರ ಎಳೆದುಕೊಂಡು ಹೋಗುವುದು, ಅದನ್ನೇ ಪ್ರೀತಿ ಅಂತ ತೋರಿಸುವುದು ನನಗೆ ಒಪ್ಪಿಗೆ ಇಲ್ಲ. ಹದಿಹರೆಯದ ಮಕ್ಕಳು ನೋಡುತ್ತಿದ್ದರೆ ಜೊತೆಗೆ ಕೂತು ಅದರ ಬಗ್ಗೆ ಮಾತಾಡಿ. ಈಚಿನ ಕೊರಿಯನ್ ಕಥೆಗಳಲ್ಲಿ ಗಂಡು ಕೇಳಿ, ಕಾದು ಮುಂದುವರಿಯುತ್ತಾನೆ. ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ.

2002ರ ಕೊರಿಯನ್ ಸೀರೀಸ್ 'ವಿಂಟರ್ ಸೊನಾಟಾ' ಮಾತ್ರ ಬೇರೆ. ಅದರಲ್ಲಿ ಅಪಘಾತ, ಮರೆವು, ಯಾರ ಮಗ ಯಾರು ಅನ್ನುವ ಗೊಂದಲ ಎಲ್ಲ ಇದೆ. ಆದರೂ ನಾಮಿ ದ್ವೀಪದ ಮರಗಳ ಸಾಲಿನಲ್ಲಿ ಇಬ್ಬರು ನಡೆಯುವ ದೃಶ್ಯಗಳು ಇವತ್ತಿಗೂ ಹಾಗೇ ನಿಂತಿವೆ. ಜಪಾನಿನ ಎನ್‌ಎಚ್‌ಕೆ ಚಾನೆಲ್ ಅದನ್ನು 2003ರಲ್ಲಿ ತೋರಿಸಿದ ಮೇಲೆ ಅಲ್ಲಿನ ನಡುವಯಸ್ಸಿನ ಹೆಂಗಸರು ನಾಯಕ ಬೇ ಯಾಂಗ್ ಜೂನ್‌ಗಾಗಿ ವಿಮಾನ ನಿಲ್ದಾಣದಲ್ಲಿ ಕಿಕ್ಕಿರಿದು ನಿಂತರು.

9. ಆಮೇಲೆ ಜಪಾನ್, ಹಾಂಗ್‌ಕಾಂಗ್, ತೈವಾನ್

ಕೊರಿಯನ್ ಎರಡು ಮೂರು ಆದ ಮೇಲೆ ಜಪಾನಿಗೆ ಬನ್ನಿ. ಸುಲಭದ ಬಾಗಿಲು 2022ರ 'ಫಸ್ಟ್ ಲವ್', 9 ಎಪಿಸೋಡ್, ಹೊಕ್ಕೈಡೋದಲ್ಲಿ ನಡೆಯುವುದು. ಉತಾದಾ ಹಿಕಾರು ಅವರ ಎರಡು ಹಾಡುಗಳೇ ಅದಕ್ಕೆ ಪ್ರೇರಣೆ. ಆಮೇಲೆ ಸಾಕಾಮೊಟೊ ಯೂಜಿ ಬರೆದದ್ದನ್ನು ಹುಡುಕಿ. 1991ರ 'ಟೋಕಿಯೋ ಲವ್ ಸ್ಟೋರಿ' ಬರೆದವರು, 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಪಡೆದವರು ಅವರೇ. ಅವರ 2017ರ 'ಕ್ವಾರ್ಟೆಟ್'ನ ಮೊದಲ ಎಪಿಸೋಡಿನಲ್ಲಿ ಒಂದು ಜಗಳ ಇದೆ. ಕರಿದ ಕೋಳಿಯ ತಟ್ಟೆ ಎಲ್ಲರ ನಡುವೆ ಇದೆ, ಒಬ್ಬರು ಯಾರನ್ನೂ ಕೇಳದೆ ಅದರ ಮೇಲೆ ನಿಂಬೆಹಣ್ಣು ಹಿಂಡಿಬಿಡುತ್ತಾರೆ. ಕೇಳಬೇಕಿತ್ತೋ ಬೇಡವೋ ಅಂತ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಎಪಿಸೋಡ್‌ಗಳು ಮುಂದುವರಿದ ಹಾಗೆ ಗಂಡ ಹೆಂಡತಿ ದೂರವಾಗುವುದು ಹೀಗೆ ಸಣ್ಣದರಿಂದಲೇ ಅಂತ ಮೆಲ್ಲಗೆ ಅರ್ಥವಾಗುತ್ತದೆ.

ಹಾಂಗ್‌ಕಾಂಗ್‌ನದು ಒಂದೇ ಹೇಳಿದರೂ ಸಾಕು, ವಾಂಗ್ ಕಾರ್ ವಾಯ್ ಅವರ 2000ದ 'ಇನ್ ದ ಮೂಡ್ ಫಾರ್ ಲವ್'. 1962ರ ಇಕ್ಕಟ್ಟಾದ ವಠಾರ. ಪಕ್ಕಪಕ್ಕದ ಮನೆಯ ಗಂಡಸು, ಹೆಂಗಸು, ತಮ್ಮ ಸಂಗಾತಿಗಳಿಬ್ಬರೂ ಒಬ್ಬರಿಗೊಬ್ಬರು ಗಂಟು ಬಿದ್ದಿದ್ದಾರೆ ಅಂತ ಕಂಡುಕೊಳ್ಳುತ್ತಾರೆ. ಆ ಸಂಗಾತಿಗಳ ಮುಖವನ್ನು ಸಿನಿಮಾ ತೋರಿಸುವುದೇ ಇಲ್ಲ. ಮೊದಲ ಸಲ ಕಥೆಗಾಗಿ ನೋಡಿ. ಎರಡನೇ ಸಲ ಮ್ಯಾಗಿ ಚ್ಯುಂಗ್ ಉಟ್ಟ ಬಟ್ಟೆ ನೋಡಿ. ನೂಡಲ್ಸ್ ತರಲು ಡಬ್ಬ ಹಿಡಿದು ಮೆಟ್ಟಿಲು ಇಳಿಯುತ್ತಾಳೆ, ಮತ್ತೆ ಇಳಿಯುತ್ತಾಳೆ, ಅದೇ ಗೋಡೆ, ಅದೇ ಸಂಗೀತ, ಬಟ್ಟೆಯ ಹೂವು ಮಾತ್ರ ಬೇರೆ. ದಿನಗಳು ಹೋಗುತ್ತಿವೆ ಅಂತ ತಿಳಿಯುವುದು ಅದರಿಂದಲೇ. ಟೋನಿ ಲ್ಯುಂಗ್‌ಗೆ ಇದಕ್ಕೆ ಕಾನ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಫೋನಿನಲ್ಲಿ ಬೇಡ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ದೀಪ ಆರಿಸಿ ನೋಡಿ.

ತೈವಾನಿನ 'ಸಮ್‌ಡೇ ಆರ್ ಒನ್ ಡೇ' 2019ರದು, 13 ಎಪಿಸೋಡ್. ಹಳೆಯ ವಾಕ್‌ಮನ್‌ನಲ್ಲಿ ಒಂದು ಹಾಡು ಕೇಳಿ ಹಿಂದಿನ ಕಾಲಕ್ಕೆ ಹೋಗುವ ಕಥೆ, ತುಂಬ ಗಂಟುಗಳಿವೆ. ಇದನ್ನು ನೋಡುವಾಗ ಫೋನ್ ಪಕ್ಕಕ್ಕಿಡಿ, ಒಂದು ನಿಮಿಷ ತಪ್ಪಿದರೂ ಎಳೆ ಕೈತಪ್ಪುತ್ತದೆ.

10. ಕೊನೆಗೆ ಚೀನಾ

ಇಷ್ಟು ಹೊತ್ತಿಗೆ ಉದ್ದದ ಕಥೆಗೆ ನೀವು ತಯಾರಾಗಿರುತ್ತೀರಿ. ಈಗಿನ ಕಾಲದ ಕಥೆ ಬೇಕಾದರೆ 2023ರ 'ಹಿಡನ್ ಲವ್', 25 ಎಪಿಸೋಡ್. ರಾಜಮನೆತನದ್ದು ಬೇಕಾದರೆ 2011ರ 'ಸ್ಕಾರ್ಲೆಟ್ ಹಾರ್ಟ್', 35 ಎಪಿಸೋಡ್. ಈ ಕಾಲದ ಹುಡುಗಿ ಮುನ್ನೂರು ವರ್ಷ ಹಿಂದಿನ ಕಾಂಗ್‌ಶಿ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿ ಬೀಳುತ್ತಾಳೆ, ರಾಜಕುಮಾರರಲ್ಲಿ ಯಾರು ಗದ್ದುಗೆ ಏರುತ್ತಾರೆ ಅಂತ ಅವಳಿಗೆ ಮೊದಲೇ ಗೊತ್ತು, ಆದರೂ ಏನೂ ತಪ್ಪಿಸಲಾಗುವುದಿಲ್ಲ. ಇದನ್ನೇ ಕೊರಿಯಾ 2016ರಲ್ಲಿ ತನ್ನ ಹಳೆಯ ರಾಜವಂಶ ಗೊರಿಯೋದ ಕಾಲಕ್ಕೆ ತಂದು ಮತ್ತೆ ಮಾಡಿತು. ನನ್ನ ಮಟ್ಟಿಗೆ ಚೀನಾದ್ದೇ ಮೇಲು.

ಎರಡು ತಯಾರಿ ಮಾಡಿಕೊಳ್ಳಿ. ಒಂದು, ತುಟಿಗೂ ದನಿಗೂ ಸ್ವಲ್ಪ ಹೊಂದದ ಹಾಗೆ ಕಾಣಬಹುದು. ಅಲ್ಲಿ ಎಷ್ಟೋ ಸೀರೀಸ್‌ಗಳಿಗೆ ಬೇರೆ ಕಲಾವಿದರು ದನಿ ಕೊಡುತ್ತಾರೆ, ನಾಲ್ಕೈದು ಎಪಿಸೋಡಿಗೆ ಕಿವಿಗೆ ರೂಢಿಯಾಗುತ್ತದೆ. ಇನ್ನೊಂದು, ರಾಜಮನೆತನದ ಕಥೆಯಲ್ಲಿ ಒಬ್ಬರನ್ನೇ ಹೆಸರಿನಿಂದ, ಹುಟ್ಟಿದ ಕ್ರಮಾಂಕದಿಂದ, ಪದವಿಯಿಂದ ಮೂರು ಬಗೆಯಲ್ಲಿ ಕರೆಯುತ್ತಾರೆ. ಮೊದಲ ಮೂರು ಎಪಿಸೋಡ್ ನೋಡುವಾಗ ಒಂದು ಹಾಳೆ ಇಟ್ಟುಕೊಂಡು ನಾಲ್ಕನೇ ರಾಜಕುಮಾರ ಯಾರು, ಎಂಟನೆಯವನು ಯಾರು, ಯಾರು ಯಾರ ಕಡೆ ಅಂತ ಬರೆದುಕೊಳ್ಳಿ. ಹತ್ತನೇ ಎಪಿಸೋಡಿನ ಹೊತ್ತಿಗೆ ಆ ಹಾಳೆ ಬೇಕಾಗುವುದಿಲ್ಲ.